ಎರಡು ತೊಲದ ಜೀವಕ್ಕೊಂದು ಸ್ಕ್ಯಾನರ್: ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ

(ಪದವಿ ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ರಯೋಗಾಲಯದ ಒಂದು ಬಿಳಿ ಸುಂಡಿಲಿ ಸುಮಾರು 25 ಗ್ರಾಂ ತೂಗುತ್ತದೆ. ನಮ್ಮ ಹಳೇ ಲೆಕ್ಕದಲ್ಲಿ ಎರಡು ತೊಲಕ್ಕಿಂತ ಸ್ವಲ್ಪ ಜಾಸ್ತಿ. ಅದರ ಇಡೀ ಮಿದುಳು ಅರ್ಧ ಗ್ರಾಮಿನ ಆಸುಪಾಸು. ಆ ಮಿದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಬಳಸುತ್ತಿದೆ? ತೊಡೆಯ ಹತ್ತಿರ ಬೆಳೆದ ಕಡಲೆಕಾಳಿನಷ್ಟು ಗಂಟು ಹೊಸ ಔಷಧಿಗೆ ಕರಗುತ್ತಿದೆಯೇ? ಇದನ್ನು ಪ್ರಾಣಿ ಬದುಕಿರುವಾಗಲೇ, ಒಂದು ಗಾಯವನ್ನೂ ಮಾಡದೆ ನೋಡಬೇಕು.

ಬದುಕಿರುವಾಗಲೇ ಯಾಕೆ ಅಂತ ಮೊದಲು ಹೇಳುತ್ತೇನೆ. ನಾನು ಈ ಕೆಲಸಕ್ಕೆ ಬಂದ ಕಾರಣವೂ ಅದೇ. ಹಳೆಯ ಪದ್ಧತಿಯಲ್ಲಿ ಔಷಧಿ ಕೊಟ್ಟು, ಒಂದು ಗಂಟೆಗೆ ಕೆಲವು ಇಲಿ, ಒಂದು ದಿನಕ್ಕೆ ಕೆಲವು, ಒಂದು ವಾರಕ್ಕೆ ಕೆಲವು ಅಂತ ಕೊಂದು, ಅಂಗಗಳನ್ನು ತೆಗೆದು ಅಳೆಯಬೇಕಿತ್ತು. ಸ್ಕ್ಯಾನರ್ ಇದ್ದರೆ ಅದೇ ಇಲಿಯನ್ನು ಇವತ್ತು, ನಾಳೆ, ಮುಂದಿನ ವಾರ ಮತ್ತೆ ಮತ್ತೆ ನೋಡಬಹುದು. ಪ್ರಾಣಿಗಳ ಸಂಖ್ಯೆ ಇಳಿಯುತ್ತದೆ. ಲೆಕ್ಕವೂ ಶುದ್ಧವಾಗುತ್ತದೆ, ಯಾಕೆಂದರೆ ನಿನ್ನೆಯ ಅದೇ ಇಲಿಗೆ ಇವತ್ತಿನ ಅದೇ ಇಲಿಯನ್ನು ಹೋಲಿಸುತ್ತೀರಿ.

ಈಗ ಯಂತ್ರದ ವಿಷಯ. ಪೆಟ್ ಸ್ಕ್ಯಾನಿನ ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿದ್ದರೆ ಖಂಡಿತ ಕೇಳಿರುತ್ತೀರಿ. ಗ್ಲೂಕೋಸಿನಂಥ ಅಣುವಿಗೆ ಫ್ಲೋರಿನ್-18 ಅನ್ನುವ ವಿಕಿರಣಶೀಲ ಪರಮಾಣು ಸೇರಿಸಿ ರಕ್ತಕ್ಕೆ ಚುಚ್ಚುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅದು ಕ್ಷಯಿಸುವಾಗ ಒಂದು ಪಾಸಿಟ್ರಾನ್, ಅಂದರೆ ಧನ ವಿದ್ಯುದಂಶದ ಎಲೆಕ್ಟ್ರಾನಿನಂಥ ಕಣ, ಹೊರಬರುತ್ತದೆ. ಪಾಸಿಟ್ರಾನ್ ಅಂಗಾಂಶದೊಳಗೆ ಸರಾಸರಿ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ ದೂರ ಹೋಗಿ, ಒಂದು ಎಲೆಕ್ಟ್ರಾನ್ ಜೊತೆ ಕೂಡಿ ಎರಡೂ ಇಲ್ಲವಾಗುತ್ತವೆ. ಆ ಜಾಗದಿಂದ 511 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಎರಡು ಗಾಮಾ ಫೋಟಾನ್‌ಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಸುತ್ತಲೂ ಬಳೆಯ ಹಾಗೆ ಜೋಡಿಸಿದ ಹರಳುಗಳಲ್ಲಿ ಎರಡು ಹರಳು ಒಂದೇ ಹೊತ್ತಿಗೆ ಮಿನುಗಿದರೆ, ಅವೆರಡನ್ನೂ ಸೇರಿಸುವ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಆ ಪರಮಾಣು ಇತ್ತು ಅಂತ ಅರ್ಥ. ಇಂಥ ಲಕ್ಷಾಂತರ ಗೆರೆಗಳಿಂದ ಚಿತ್ರ ಕಟ್ಟುತ್ತಾರೆ.

ಹಾಗಾದರೆ ಮನುಷ್ಯರ ಸ್ಕ್ಯಾನರಿಗೇ ಇಲಿಯನ್ನು ಮಲಗಿಸಿದರೆ ಆಗಲ್ವಾ? ಒಂದು ಲೆಕ್ಕ ಮಾಡೋಣ. ಮನುಷ್ಯ 70 ಕಿಲೋ, ಸುಂಡಿಲಿ 25 ಗ್ರಾಂ. 2,800 ಪಟ್ಟು ವ್ಯತ್ಯಾಸ. ಉದ್ದದಲ್ಲಿ ನೋಡಿದರೆ ಅದರ ಘನಮೂಲ, ಸುಮಾರು 14 ಪಟ್ಟು. ಮನುಷ್ಯರ ಸ್ಕ್ಯಾನರ್ 5 ಮಿ.ಮೀ. ಅಂತರದ ಎರಡು ಚುಕ್ಕಿಗಳನ್ನು ಬೇರೆ ಮಾಡಿ ತೋರಿಸುತ್ತದೆ ಅಂದುಕೊಳ್ಳಿ. ಅಷ್ಟೇ ಚೆಂದದ ಚಿತ್ರ ಸುಂಡಿಲಿಗೆ ಬೇಕಾದರೆ 0.35 ಮಿ.ಮೀ. ಬೇಕು. ಆದರೆ ಪಾಸಿಟ್ರಾನ್ ತಾನೇ ಅದಕ್ಕಿಂತ ಜಾಸ್ತಿ ದೂರ ಓಡಾಡಿಬಿಡುತ್ತದೆ! ಅಲ್ಲಿಯವರೆಗೆ ಹೋಗುವುದು ಕಷ್ಟ. 1 ಮಿ.ಮೀ. ಹತ್ತಿರಕ್ಕಾದರೂ ಹೋಗಬೇಕು.

ಇನ್ನೊಂದು ತೊಡಕಿದೆ. 5 ಮಿ.ಮೀ. ಬದಿಯ ಘನದಲ್ಲಿ 125 ಘನ ಮಿ.ಮೀ. ಇರುತ್ತದೆ. 1 ಮಿ.ಮೀ. ಘನದಲ್ಲಿ ಒಂದೇ. ಚುಚ್ಚಿದ ವಿಕಿರಣಶೀಲ ಔಷಧಿಯ ಸಾಂದ್ರತೆ ಅಷ್ಟೇ ಇದ್ದರೆ, ನಿಮಗೆ ಸಿಗುವ ಸಂಕೇತ 125ರಲ್ಲಿ ಒಂದು ಪಾಲು. ಅಂದರೆ ಯಂತ್ರ ಹರಿತವಾಗಿಯೂ ಇರಬೇಕು, ಒಂದು ಫೋಟಾನನ್ನೂ ಸುಮ್ನೆ ಕಳೆದುಕೊಳ್ಳಬಾರದು. ಇವೆರಡೂ ಒಂದಕ್ಕೊಂದು ಆಗಿಬರುವುದಿಲ್ಲ. ನಮ್ಮ ಕೆಲಸದ ಎಲ್ಲಾ ಕಷ್ಟ, ಎಲ್ಲಾ ಸೊಗಸು ಇಲ್ಲೇ ಇದೆ.

1990ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ಮನುಷ್ಯರ ಸ್ಕ್ಯಾನರಿನ ಡಿಟೆಕ್ಟರ್‌ಗಳನ್ನೇ ಸಣ್ಣ ಬಳೆಯಾಗಿ ಜೋಡಿಸಿ ಇಲಿಗಳಿಗೆ ಒಂದು ಯಂತ್ರ ಮಾಡಿದರು. ಆಮೇಲೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೈಮನ್ ಚೆರ್ರಿ ಮತ್ತು ಸಂಗಡಿಗರು ಮೈಕ್ರೋಪೆಟ್ ಕಟ್ಟಿದರು. 1997ರಲ್ಲಿ ಅದರ ವಿವರ ಪ್ರಕಟವಾಯಿತು. ಲ್ಯುಟೀಷಿಯಂ ಆಕ್ಸಿಆರ್ಥೋಸಿಲಿಕೇಟ್, ಚಿಕ್ಕದಾಗಿ ಎಲ್‌ಎಸ್‌ಒ, ಅನ್ನುವ ಹರಳು. ಒಂದೊಂದೂ 2 ಮಿ.ಮೀ. ಅಗಲ, 2 ಮಿ.ಮೀ. ಎತ್ತರ, 10 ಮಿ.ಮೀ. ಉದ್ದ. ಒಂದು ಕಟ್ಟಿನಲ್ಲಿ 64 ಹರಳು, ಒಟ್ಟು 30 ಕಟ್ಟು. 1,920 ಹರಳುಗಳು. ಬಳೆಯ ವ್ಯಾಸ 17.2 ಸೆಂ.ಮೀ. ಅದು 1.8 ಮಿ.ಮೀ. ತನಕ ಹರಿತವಾಗಿ ಕಂಡಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ.

ಈ ಯಂತ್ರವನ್ನೇ ಇಟ್ಟುಕೊಂಡು ಒಂದು ಪೆನ್ಸಿಲ್ ಲೆಕ್ಕ ಮಾಡೋಣ. ಬಳೆಯ ಅಗಲ 1.8 ಸೆಂ.ಮೀ. ನಟ್ಟನಡುವೆ ಒಂದು ಚುಕ್ಕಿ ಇಟ್ಟರೆ, ಅದರಿಂದ ಹೊರಟ ಜೋಡಿಗಳಲ್ಲಿ ಶೇ. 10ರಷ್ಟು ಬಳೆಯ ಕಡೆಗೆ ಹೋಗುತ್ತವೆ. ಉಳಿದವು ಆಚೀಚೆ ಹೊರಟುಹೋಗುತ್ತವೆ. 10 ಮಿ.ಮೀ. ಎಲ್‌ಎಸ್‌ಒ ಒಂದು ಫೋಟಾನನ್ನು ತಡೆಯುವ ಸಾಧ್ಯತೆ ಶೇ. 58. ನಮಗೆ ಎರಡೂ ಬೇಕು. 0.58ನ್ನು 0.58ರಿಂದ ಗುಣಿಸಿದರೆ ಶೇ. 34. ಶೇ. 10ರಲ್ಲಿ ಶೇ. 34 ಅಂದರೆ ನೂರಕ್ಕೆ ಮೂರೂವರೆ ಜೋಡಿ ಸಿಗಬೇಕು.

ಯಂತ್ರ ಕಟ್ಟಿ ಅಳೆದಾಗ ಸಿಕ್ಕಿದ್ದು ನೂರಕ್ಕೆ ಸುಮಾರು 0.56.

ಆರು ಪಟ್ಟು ಎಲ್ಲಿ ಹೋಯಿತು? ಹರಳು ಹರಳಿನ ನಡುವೆ ಸಂದು ಇದೆ, ಅಲ್ಲಿಂದ ಫೋಟಾನ್ ನುಸುಳುತ್ತದೆ. ತಡೆದ ಫೋಟಾನ್‌ಗಳಲ್ಲೂ ಮೊದಲ ಹೊಡೆತಕ್ಕೇ ಪೂರ್ತಿ ಶಕ್ತಿ ಬಿಡುವವು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದವು ಸ್ವಲ್ಪ ಬಿಟ್ಟು, ದಿಕ್ಕು ಬದಲಿಸಿ, ಪಕ್ಕದ ಹರಳಿಗೋ ಹೊರಗೋ ಹೋಗುತ್ತವೆ. ಇಷ್ಟಕ್ಕಿಂತ ಕಡಿಮೆ ಶಕ್ತಿಯದ್ದು ಬೇಡ ಅಂತ ನಾವೇ ಇಟ್ಟ ಮಿತಿ ಇನ್ನಷ್ಟನ್ನು ತಳ್ಳಿಹಾಕುತ್ತದೆ. ಒಂದೊಂದೂ ಸಣ್ಣ ವಿಷಯ. ಆದರೆ ಒಂದು ಇನ್ನೊಂದಕ್ಕೆ ಹೆಣೆದುಕೊಂಡಿದೆ. ಪೆನ್ಸಿಲ್ಲಿಗೆ ಇದು ಬಗ್ಗುವುದಿಲ್ಲ. ಹರಳು ಬಹಳ ದುಬಾರಿ, ಒಮ್ಮೆ ಕತ್ತರಿಸಿದರೆ ಮತ್ತೆ ಜೋಡಿಸಲಾಗದು. ಆದ್ದರಿಂದಲೇ ಕತ್ತರಿಸುವ ಮೊದಲು ಕಂಪ್ಯೂಟರಿನಲ್ಲಿ ಇಡೀ ಯಂತ್ರವನ್ನು ಕಟ್ಟಿ, ಒಂದೊಂದೇ ಫೋಟಾನನ್ನು ಅದರೊಳಗೆ ಓಡಿಸಿ ನೋಡುತ್ತೇವೆ.

ಇದಕ್ಕೆ ಮಾಂಟೆ ಕಾರ್ಲೊ ವಿಧಾನ ಅನ್ನುತ್ತಾರೆ. ಚೌಕಾಬಾರ ಆಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಾಲ್ಕು ಕವಡೆ ಎಸೆದರೆ ಚೌಕ ಬೀಳುವ ಸಾಧ್ಯತೆ ಎಷ್ಟು? ಕವಡೆ ನಾಣ್ಯದ ಹಾಗಲ್ಲ. ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಒಂದರ ಹಾಗೆ ಇನ್ನೊಂದಿಲ್ಲ. ಸೂತ್ರ ಬರೆಯುವುದು ಕಷ್ಟ. ಆದರೆ ಸಾವಿರ ಸಲ ಎಸೆದು, ಎಷ್ಟು ಸಲ ಚೌಕ ಬಿತ್ತು ಅಂತ ಎಣಿಸಿದರೆ ಉತ್ತರ ಕೈಯಲ್ಲಿರುತ್ತದೆ. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಅನ್ನುವ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ, ಒಬ್ಬನೇ ಆಡುವ ಇಸ್ಪೀಟ್ ಆಟ ಆಡುತ್ತಾ ಇದನ್ನೇ ಯೋಚಿಸಿದ. ಆಟ ಗೆಲ್ಲುವ ಸಾಧ್ಯತೆಯನ್ನು ಲೆಕ್ಕ ಹಾಕುವ ಬದಲು ನೂರು ಸಲ ಆಡಿ ಎಣಿಸಿದರೆ ಹೇಗೆ? ಅವನು ಇದನ್ನು ಇನ್ನೊಬ್ಬ ಗಣಿತಜ್ಞ ಜಾನ್ ಫಾನ್ ನಾಯ್ಮನ್‌ಗೆ ಹೇಳಿದ. ಆಗಷ್ಟೇ ಎಲೆಕ್ಟ್ರಾನಿಕ್ ಕಂಪ್ಯೂಟರ್ ಹುಟ್ಟಿತ್ತು. ಎರಡೂ ಕೂಡಿಬಂದವು.

ನಮ್ಮ ಫೋಟಾನ್ ವಿಷಯದಲ್ಲಿ ಕವಡೆ ಎಸೆಯುವುದು ಹೀಗೆ. ಕಂಪ್ಯೂಟರ್ ಸೊನ್ನೆಗೂ ಒಂದಕ್ಕೂ ನಡುವೆ ಒಂದು ಸಂಖ್ಯೆ ಆರಿಸುತ್ತದೆ. 0.5 ಬಂತು ಅನ್ನಿ. ಎಲ್‌ಎಸ್‌ಒ ಒಳಗೆ ಈ ಫೋಟಾನ್ 8 ಮಿ.ಮೀ. ಹೋಗಿ ಡಿಕ್ಕಿ ಹೊಡೆಯುತ್ತದೆ ಅಂತ ಅರ್ಥ. 0.9 ಬಂದರೆ 1.2 ಮಿ.ಮೀ.ಗೇ ಡಿಕ್ಕಿ. ಡಿಕ್ಕಿ ಎಂಥದ್ದು? ಇನ್ನೊಂದು ಸಂಖ್ಯೆ. ಚದುರಿದರೆ ಯಾವ ಕೋನಕ್ಕೆ? ಮತ್ತೊಂದು ಸಂಖ್ಯೆ. ಒಂದು ಪಾಸಿಟ್ರಾನಿನ ಹುಟ್ಟಿನಿಂದ ಹರಳಿನ ಮಿನುಗಿನವರೆಗೆ ನೂರಾರು ಸಲ ಹೀಗೆ ಕವಡೆ ಎಸೆಯುತ್ತಾ ಹೋಗುತ್ತೇವೆ. ಪ್ರತಿ ಎಸೆತದ ಹಿಂದೆ ಅಳೆದು ಖಚಿತ ಮಾಡಿಕೊಂಡ ಭೌತಶಾಸ್ತ್ರ ಇರುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ಹೆಸರು ಬರುತ್ತದೆ. ಪಾಸಿಟ್ರಾನ್ ಅಂಗಾಂಶದಲ್ಲಿ ಸ್ವಲ್ಪ ದೂರ ಹೋಗುತ್ತದೆ ಅಂದೆನಲ್ಲ, ಹಾಗೆ ಹೋಗುವಾಗ ದಾರಿಯ ಎಲೆಕ್ಟ್ರಾನ್‌ಗಳಿಗೆ ತಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಆ ತಾಗುವಿಕೆಯ ಸೂತ್ರ ಕೊಟ್ಟವರು ಹೋಮಿ ಭಾಭಾ. 1936ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಮೂರು ವರ್ಷದ ನಂತರ ರಜೆಗೆ ಭಾರತಕ್ಕೆ ಬಂದಿದ್ದಾಗ ಯುದ್ಧ ಶುರುವಾಗಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಕೆಲವು ವರ್ಷ ಕೆಲಸ ಮಾಡಿದರು. ಇವತ್ತು ನಾವು ಬಳಸುವ ಸಾಫ್ಟ್‌ವೇರಿನ ಒಳಗೆ ಆ ಭಾಗಕ್ಕೆ ಭಾಭಾ ಹೆಸರೇ ಇದೆ. ಪ್ರಪಂಚದ ಯಾವುದೇ ಮೂಲೆಯಲ್ಲಿ ಇಲಿಯ ಪೆಟ್ ಸ್ಕ್ಯಾನರನ್ನು ಈ ಸಾಫ್ಟ್‌ವೇರಿನಲ್ಲಿ ಪಾಸಿಟ್ರಾನ್ ಸಮೇತ ಓಡಿಸಿದರೂ ಆ ಲೆಕ್ಕ ನಡೆಯುತ್ತದೆ. ನನಗೆ ಇದು ಪ್ರತಿ ಸಲವೂ ಖುಷಿ ಕೊಡುತ್ತದೆ.

ಸಾಫ್ಟ್‌ವೇರ್ ಅಂದೆ. ಜಿನೀವಾ ಹತ್ತಿರದ ಸರ್ನ್‌ನಲ್ಲಿ ಕಣ ಭೌತಶಾಸ್ತ್ರಕ್ಕಾಗಿ ಬೆಳೆದದ್ದು ಜಿಯಂಟ್-4. ಅದರ ಮೇಲೆ ವೈದ್ಯಕೀಯ ಚಿತ್ರಣಕ್ಕೆಂದೇ ಕಟ್ಟಿದ್ದು ಗೇಟ್. ಹಲವು ದೇಶಗಳ ಪ್ರಯೋಗಾಲಯಗಳು ಕೂಡಿ 2004ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟವು. ದುಡ್ಡು ಕೊಡಬೇಕಿಲ್ಲ. ಇಲಿಯೂ ಕಂಪ್ಯೂಟರಿನಲ್ಲಿ ಸಿಗುತ್ತದೆ. ಪಾಲ್ ಸೆಗಾರ್ಸ್ ಮತ್ತು ಜೊತೆಗಾರರು ಮಾಡಿದ ಮೋಬಿ ಅನ್ನುವ ಡಿಜಿಟಲ್ ಸುಂಡಿಲಿಗೆ ಹೃದಯ ಬಡಿಯುತ್ತದೆ, ಉಸಿರಾಟವೂ ಇದೆ.

ಈಗ ಇವತ್ತಿನ ಮಾತಿನ ಮುಖ್ಯ ಜಾಗಕ್ಕೆ ಬರುತ್ತೇನೆ. ಹರಳಿನ ಉದ್ದ ಎಷ್ಟಿರಬೇಕು?

10 ಮಿ.ಮೀ. ಇದ್ದರೆ ಜೋಡಿ ಸಿಗುವ ಸಾಧ್ಯತೆ ಶೇ. 34 ಅಂದೆವು. 20 ಮಿ.ಮೀ. ಮಾಡಿದರೆ ಒಂದು ಫೋಟಾನಿಗೆ ಶೇ. 82, ಜೋಡಿಗೆ ಶೇ. 68. ಸರಿಯಾಗಿ ಎರಡು ಪಟ್ಟು! ಹಾಗಾದರೆ ಉದ್ದ ಮಾಡಿಬಿಡೋಣ ಅಂತ ಯಾರಿಗಾದರೂ ಅನಿಸುತ್ತದೆ. ತಡೆಯಿರಿ.

ಅಡಿಕೆ ತೋಟದ ಪಕ್ಕ ಬಸ್ಸಿನಲ್ಲಿ ಹೋಗುವಾಗ ನೋಡಿರುತ್ತೀರಿ. ಸಾಲಿಗೆ ನೇರವಾಗಿ ಬಂದ ಕ್ಷಣ ತೋಟದ ಆ ತುದಿಯವರೆಗೂ ಕಾಣುತ್ತದೆ. ಸ್ವಲ್ಪ ಓರೆಯಾದರೆ ಮರದ ಹಿಂದೆ ಮರ, ಯಾವುದು ಯಾವ ಸಾಲಿನದ್ದು ಅಂತ ತಿಳಿಯುವುದಿಲ್ಲ. ಫೋಟಾನಿನ ಪಾಡೂ ಹೀಗೇ. ಬಳೆಯ ನಡುಮಧ್ಯದಿಂದ ಹೊರಟದ್ದು ಹರಳಿಗೆ ನೇರವಾಗಿ ಹೋಗುತ್ತದೆ. ನಡುವಿನಿಂದ 2.5 ಸೆಂ.ಮೀ. ಪಕ್ಕಕ್ಕೆ ಇರುವ ಜಾಗದಿಂದ ಹೊರಟದ್ದು, ಈ ಸಣ್ಣ ಬಳೆಯಲ್ಲಿ 17 ಡಿಗ್ರಿಯಷ್ಟು ಓರೆಯಾಗಿ ನುಗ್ಗಬಹುದು. 10 ಮಿ.ಮೀ. ಆಳಕ್ಕೆ ಹೋಗುವಷ್ಟರಲ್ಲಿ 3 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ನಮ್ಮ ಹರಳು 2 ಮಿ.ಮೀ. ಅಗಲ. ಅಂದರೆ ಪಕ್ಕದ ಹರಳಿನಲ್ಲಿ ಮಿನುಗುತ್ತದೆ, ನಾವು ತಪ್ಪು ಗೆರೆ ಎಳೆಯುತ್ತೇವೆ. 20 ಮಿ.ಮೀ. ಹರಳಾದರೆ 6 ಮಿ.ಮೀ. ಸರಿಯುತ್ತದೆ, ಮೂರು ಹರಳು ದಾಟಿಬಿಡುತ್ತದೆ. 80 ಸೆಂ.ಮೀ. ವ್ಯಾಸದ ಮನುಷ್ಯರ ಬಳೆಯಲ್ಲಿ ಅದೇ 2.5 ಸೆಂ.ಮೀ.ಗೆ ಓರೆ ನಾಲ್ಕು ಡಿಗ್ರಿಯೂ ಇಲ್ಲ. ಹಾಗಾಗಿ ಅಲ್ಲಿ ಈ ತೊಂದರೆ ಇಷ್ಟು ಕಾಡುವುದಿಲ್ಲ.

ಬಳೆಯನ್ನೇ ದೊಡ್ಡದು ಮಾಡಿದರೆ? ಓರೆ ಕಡಿಮೆಯಾಗುತ್ತದೆ. ಆದರೆ ದೂರ ಹೋದಷ್ಟೂ ಸಿಗುವ ಫೋಟಾನ್ ಕಡಿಮೆ, ಬೇಕಾಗುವ ಹರಳು ಜಾಸ್ತಿ. ಜೊತೆಗೆ ಎರಡು ಫೋಟಾನ್‌ಗಳು ಹಾರುವುದು ಪೂರ್ತಿ ಎದುರುಬದುರಾಗಿ ಅಲ್ಲ, ಸುಮಾರು ಅರ್ಧ ಡಿಗ್ರಿಯಷ್ಟು ಹೆಚ್ಚುಕಡಿಮೆ ಇರುತ್ತದೆ. 17 ಸೆಂ.ಮೀ. ಬಳೆಯಲ್ಲಿ ಅದರಿಂದ ಆಗುವ ಮಸುಕು 0.4 ಮಿ.ಮೀ.ಗೂ ಕಡಿಮೆ. 80 ಸೆಂ.ಮೀ. ಬಳೆಯಲ್ಲಿ 1.8 ಮಿ.ಮೀ. ಇಲಿಗೆ ಅಷ್ಟು ಮಸುಕು ತಡೆಯದು.

ಹಾಗಾಗಿ ಸಣ್ಣ ಬಳೆಯೇ ಇರಲಿ, ಹರಳೂ ಉದ್ದ ಇರಲಿ, ಆದರೆ ಫೋಟಾನ್ ಯಾವ ಆಳದಲ್ಲಿ ಡಿಕ್ಕಿ ಹೊಡೆಯಿತು ಅಂತ ಗೊತ್ತಾಗಲಿ ಅನ್ನುವ ದಾರಿ ಹುಡುಕಿದರು. ಹರಳಿನ ಎರಡೂ ತುದಿಯಲ್ಲಿ ಬೆಳಕು ಅಳೆದು ಹೋಲಿಸಿದರೆ ಆಳ ತಿಳಿಯುತ್ತದೆ. ಅಥವಾ ಉದ್ದ ಹರಳಿನ ಬದಲು ಎರಡು ಗಿಡ್ಡ ಹರಳನ್ನು ಒಂದರ ಮೇಲೊಂದು ಇಡಬಹುದು. ಯಾವುದು ಒಳ್ಳೆಯದು? ಆಳವನ್ನು 2 ಮಿ.ಮೀ.ಗೆ ತಿಳಿಯಬೇಕೋ, 5 ಮಿ.ಮೀ. ಸಾಕೋ? ಇಂಥ ಪ್ರಶ್ನೆಗೆ ಸಿಮ್ಯುಲೇಷನ್, ಅಂದರೆ ಹೀಗೆ ಕಂಪ್ಯೂಟರಿನಲ್ಲಿ ಯಂತ್ರ ಕಟ್ಟಿ ಓಡಿಸಿ ನೋಡುವುದು, ಬಿಟ್ಟು ಬೇರೆ ದಾರಿ ನನಗೆ ಗೊತ್ತಿಲ್ಲ. ಹತ್ತು ಉದ್ದ, ನಾಲ್ಕು ವ್ಯಾಸ, ಮೂರು ರೀತಿಯ ಆಳದ ಅಳತೆ ಅಂತ ಇಟ್ಟುಕೊಂಡರೆ 120 ಯಂತ್ರಗಳಾದವು. ಅಷ್ಟನ್ನು ಯಾರೂ ಕಟ್ಟಲಾರರು. ಕಂಪ್ಯೂಟರಿನಲ್ಲಿ ಕಟ್ಟಬಹುದು.

ಇನ್ನೂ ಒಂದು ದೊಡ್ಡ ಲಾಭ ಇದೆ. ನಿಜವಾದ ಯಂತ್ರಕ್ಕೆ ಒಂದು ಫೋಟಾನ್ ಎಲ್ಲಿಂದ ಬಂತು ಅಂತ ಯಾವತ್ತೂ ಗೊತ್ತಿರುವುದಿಲ್ಲ. ಸಿಮ್ಯುಲೇಷನ್ನಿಗೆ ಗೊತ್ತಿರುತ್ತದೆ. ಇದು ನೇರವಾಗಿ ಬಂದದ್ದು, ಇದು ಇಲಿಯ ಮೈಯಲ್ಲಿ ಚದುರಿದ್ದು, ಇದು ಹಾಸಿಗೆಗೆ ತಾಗಿದ್ದು, ಇದು ಸುತ್ತಲಿನ ಲೋಹಕ್ಕೆ ತಾಗಿ ವಾಪಸ್ ಬಂದದ್ದು ಅಂತ ಪ್ರತಿಯೊಂದಕ್ಕೂ ಚೀಟಿ ಅಂಟಿಸಬಹುದು. ಇಲಿಯ ಮೈ ಸಣ್ಣದು, ಅಲ್ಲಿ ಚದುರುವುದು ಕಡಿಮೆ. ಹಾಗಾಗಿ ಸುತ್ತಲಿನ ಲೋಹದ ಪಾಲು ಎದ್ದು ಕಾಣುತ್ತದೆ. ಇದು ಗೊತ್ತಾದರೆ ಚೌಕಟ್ಟಿನ ವಿನ್ಯಾಸವೇ ಬದಲಾಗುತ್ತದೆ.

ಜೋಡಿ ಫೋಟಾನಿನ ಬದಲು ಒಂಟಿ ಗಾಮಾ ಫೋಟಾನ್ ನೋಡುವ ಇನ್ನೊಂದು ಬಗೆಯ ಸ್ಕ್ಯಾನ್ ಇದೆ, ಸ್ಪೆಕ್ಟ್. ಅದರ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಹೆಂಚಿನ ಮನೆಯಲ್ಲಿ ಬೆಳೆದವರು ನೆಲದ ಮೇಲೆ ಬಿಸಿಲಿನ ದುಂಡು ಚುಕ್ಕಿಗಳನ್ನು ನೋಡಿರುತ್ತೀರಿ. ಹೆಂಚಿನ ಸಂದಿ ಯಾವ ಆಕಾರದಲ್ಲಿದ್ದರೂ ಚುಕ್ಕಿ ದುಂಡಗೇ ಇರುತ್ತದೆ, ಯಾಕೆಂದರೆ ಅದು ಸೂರ್ಯನ ಚಿತ್ರ. ಗ್ರಹಣದ ದಿನ ಅದೇ ಚುಕ್ಕಿ ಕುಡುಗೋಲಿನ ಹಾಗಾಗುತ್ತದೆ. ಸ್ಪೆಕ್ಟ್ ಯಂತ್ರ ಇದೇ ರೀತಿ, ದಪ್ಪ ಲೋಹದಲ್ಲಿ ಕೊರೆದ ಸೂಜಿರಂಧ್ರದ ಮೂಲಕ ಗಾಮಾ ಕಿರಣದ ಚಿತ್ರ ತೆಗೆಯುತ್ತದೆ. ರಂಧ್ರದಿಂದ ಇಲಿ 3 ಸೆಂ.ಮೀ., ಡಿಟೆಕ್ಟರ್ 15 ಸೆಂ.ಮೀ. ಇದ್ದರೆ ಚಿತ್ರ ಐದು ಪಟ್ಟು ದೊಡ್ಡದಾಗಿ ಬೀಳುತ್ತದೆ. ಅದರಿಂದ ಅರ್ಧ ಮಿ.ಮೀ.ಗಿಂತ ಸಣ್ಣದನ್ನೂ ನೋಡಬಹುದು. ಆದರೆ ಬೆಲೆ ಕೇಳಿ. 1 ಮಿ.ಮೀ. ರಂಧ್ರದಲ್ಲಿ ತೂರುವುದು 14,400 ಫೋಟಾನಿಗೆ ಒಂದು! ರಂಧ್ರ ಅರ್ಧ ಮಾಡಿದರೆ ಅದರಲ್ಲೂ ಕಾಲುಭಾಗ. ಅದಕ್ಕೇ ಹತ್ತಾರು ರಂಧ್ರ ಕೊರೆಯುತ್ತಾರೆ. ರಂಧ್ರದ ಅಂಚು ತೆಳುವಾಗಿರುವುದರಿಂದ ಸ್ಪೆಕ್ಟಿಗೆ ಬಳಸುವ ವಿಕಿರಣಶೀಲ ಟೆಕ್ನೀಷಿಯಂನ 140 ಕೆಇವಿ ಕಿರಣ ಅಂಚನ್ನೂ ತೂರಿ ಬರುತ್ತದೆ. ಅಂಚನ್ನು ಟಂಗ್‌ಸ್ಟನ್‌ನಲ್ಲಿ ಮಾಡಬೇಕೋ ಚಿನ್ನದಲ್ಲೋ, ಕೋನ ಎಷ್ಟಿರಬೇಕೋ, ಇದೂ ಸಿಮ್ಯುಲೇಷನ್ ಕೆಲಸ.

ಈಗ ನಾನು ಮಾಡಿದ ಒಂದು ತಪ್ಪು ಹೇಳಬೇಕು. ವಿದ್ಯಾರ್ಥಿಗಳು ಇದನ್ನು ಕೇಳಿಸಿಕೊಳ್ಳಲೇಬೇಕು. ಒಂದು ಪೆಟ್ ಯಂತ್ರದಲ್ಲಿ ಫ್ಲೋರಿನ್-18ರ ಬದಲು ಗ್ಯಾಲಿಯಂ-68 ಅನ್ನುವ ವಿಕಿರಣಶೀಲ ಪರಮಾಣು ಬಳಸಿದರೆ ಚಿತ್ರ ಹೇಗೆ ಬರುತ್ತದೆ ಅಂತ ನೋಡುತ್ತಿದ್ದೆ. ಬಹಳ ಹರಿತವಾಗಿ ಬಂತು. ಆಮೇಲೆ ನಿಜವಾದ ಯಂತ್ರದಲ್ಲಿ ಅಳೆದವರು ಚಿತ್ರ ಕಳಿಸಿದರು. ಮಸುಕು ಮಸುಕು. ಅವರ ಡಿಟೆಕ್ಟರಿನಲ್ಲೇ ಏನೋ ಕೆಟ್ಟಿದೆ ಅಂದುಕೊಂಡು ಮೂರು ವಾರ ಕಳೆದೆ. ಕೊನೆಗೆ ನನ್ನ ಕಡತವನ್ನೇ ಮೊದಲ ಸಾಲಿನಿಂದ ಓದಿದೆ. ಗೇಟ್‌ನಲ್ಲಿ ಸಮಯ ಉಳಿಸಲು ಒಂದು ಸೌಲಭ್ಯ ಇದೆ. ಪಾಸಿಟ್ರಾನನ್ನು ಬಿಟ್ಟು, ನೇರವಾಗಿ ಎರಡು ಫೋಟಾನ್ ಹೊರಡಿಸಬಹುದು. ನಾನು ಅದನ್ನೇ ಹಾಕಿದ್ದೆ. ಗ್ಯಾಲಿಯಂ-68ರ ಪಾಸಿಟ್ರಾನಿನ ಶಕ್ತಿ 1.9 ಎಂಇವಿ, ಅಂದರೆ 1,900 ಕೆಇವಿವರೆಗೆ ಇರುತ್ತದೆ, ಫ್ಲೋರಿನ್ನಿನದ್ದಕ್ಕಿಂತ ಮೂರು ಪಟ್ಟು. ಅದು ಮಿಲಿಮೀಟರುಗಟ್ಟಲೆ ಓಡುತ್ತದೆ. ನನ್ನ ಸಿಮ್ಯುಲೇಷನ್ನಿನಲ್ಲಿ ಆ ಓಟವೇ ಇರಲಿಲ್ಲ. ಅವರ ಯಂತ್ರ ಸರಿಯಾಗಿಯೇ ಇತ್ತು. ಅವತ್ತಿನಿಂದ ನಾನು ಯಾವುದೇ ಹೊಸ ವಿನ್ಯಾಸಕ್ಕೆ ಕೈ ಹಾಕುವ ಮೊದಲು, ಈಗಾಗಲೇ ಇರುವ ಒಂದು ಯಂತ್ರವನ್ನು ಕಟ್ಟಿ, ಅಳೆದ ಸಂಖ್ಯೆಗೆ ನನ್ನ ಸಂಖ್ಯೆ ಕೂಡುತ್ತದೆಯೇ ಅಂತ ನೋಡುತ್ತೇನೆ. ಅಳೆಯುವುದಕ್ಕೆ ನೀಮಾ ಎನ್‌ಯು 4 ಅನ್ನುವ 2008ರ ಮಾನದಂಡ ಇದೆ. ಅದರಲ್ಲಿ 1ರಿಂದ 5 ಮಿ.ಮೀ.ವರೆಗಿನ ಸಣ್ಣ ಕೊಳವೆಗಳಿರುವ, ಇಲಿಯ ಗಾತ್ರದ ಪ್ಲಾಸ್ಟಿಕ್ ಮಾದರಿ ಇರುತ್ತದೆ. ಅದಕ್ಕೆ 3.7 ಮೆಗಾಬೆಕ್ವೆರೆಲ್ ತುಂಬಿ 20 ನಿಮಿಷ ಸ್ಕ್ಯಾನ್ ಮಾಡುತ್ತಾರೆ.

ಆ 20 ನಿಮಿಷವನ್ನು ಕಂಪ್ಯೂಟರಿನಲ್ಲಿ ಓಡಿಸಲು ಎಷ್ಟು ಹೊತ್ತು? 3.7 ಮೆಗಾಬೆಕ್ವೆರೆಲ್ ಅಂದರೆ ಸೆಕೆಂಡಿಗೆ 37 ಲಕ್ಷ ಪರಮಾಣು ಕ್ಷಯಿಸುತ್ತವೆ. 1,200 ಸೆಕೆಂಡಿಗೆ ಹೆಚ್ಚುಕಡಿಮೆ 440 ಕೋಟಿ. ಕಂಪ್ಯೂಟರಿನ ಒಂದು ಕೋರ್ (ಲೆಕ್ಕ ಮಾಡುವ ಘಟಕ) ಸೆಕೆಂಡಿಗೆ ಇಂಥ 2,000 ಕ್ಷಯ ನೋಡುತ್ತದೆ ಅಂದುಕೊಂಡರೆ 25 ದಿನ. ನೂರು ಕೋರ್‌ಗೆ ಹಂಚಿದರೆ ಆರು ಗಂಟೆ. ಹಂಚುವಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಆರಂಭದ ಸಂಖ್ಯೆ ಕೊಡಬೇಕು. ಮರೆತರೆ ನೂರು ಕೋರ್‌ಗಳೂ ಒಂದೇ ಕವಡೆಯಾಟವನ್ನು ನೂರು ಸಲ ಆಡುತ್ತವೆ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ಹುಡುಗಿ, "ಲ್ಯುಟೀಷಿಯಂ ತಾನೇ ವಿಕಿರಣಶೀಲ ಅಂತ ಓದಿದ್ದೇನೆ ಸರ್, ಹೌದಾ?" ಅಂದಳು. ಹೌದಮ್ಮಾ. ಅದರಲ್ಲಿ ಲ್ಯುಟೀಷಿಯಂ-176 ಸ್ವಲ್ಪ ಇರುತ್ತದೆ. ಒಂದು ಘನ ಸೆಂ.ಮೀ. ಹರಳಿನಲ್ಲಿ ಸೆಕೆಂಡಿಗೆ ಮುನ್ನೂರರ ಆಸುಪಾಸು ಕ್ಷಯ ನಡೆಯುತ್ತದೆ. ಮನುಷ್ಯರ ಸ್ಕ್ಯಾನಿನಲ್ಲಿ ಅದು ಲೆಕ್ಕಕ್ಕೆ ಬರುವುದು ಅಪರೂಪ. ಇಲಿಗೆ ಬಹಳ ಕಡಿಮೆ ಔಷಧಿ ಕೊಟ್ಟಾಗ ಮಾತ್ರ ತೊಂದರೆ ಕೊಡುತ್ತದೆ. ಹಾಗಾಗಿ ಸಿಮ್ಯುಲೇಷನ್ನಿನಲ್ಲಿ ಹರಳನ್ನೂ ಒಂದು ವಿಕಿರಣ ಮೂಲವಾಗಿ ಸೇರಿಸಬೇಕು.

ಹಿರಿಯರೊಬ್ಬರು, "ಇಲಿಯೂ ಕಂಪ್ಯೂಟರಿನಲ್ಲೇ ಇದ್ದರೆ ನಿಜವಾದ ಇಲಿ ಯಾಕೆ ಬೇಕು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮೋಬಿಯ ಯಕೃತ್ತಿಗೆ ಎಷ್ಟು ಔಷಧಿ ಹೋಗುತ್ತದೆ ಅಂತ ಬರೆಯುವವರು ನಾವು. ಹೊಸ ಔಷಧಿ ನಿಜವಾಗಿ ಎಲ್ಲಿಗೆ ಹೋಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಯಂತ್ರವನ್ನು ಪರೀಕ್ಷಿಸಲು ಇಲಿ ಬೇಡ, ಜೀವವನ್ನು ಅರಿಯಲು ಬೇಕು. ಆದರೆ ಯಂತ್ರ ಚೆನ್ನಾಗಿದ್ದಷ್ಟೂ ಬೇಕಾಗುವ ಇಲಿಗಳು ಕಡಿಮೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ ವಿದ್ಯಾರ್ಥಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನಿಮ್ಮ ಲ್ಯಾಪ್‌ಟಾಪಿಗೆ ಗೇಟ್ ಹಾಕಿಕೊಳ್ಳಿ. ಇಡೀ ಸ್ಕ್ಯಾನರ್ ಬೇಡ. 10 ಮಿ.ಮೀ. ದಪ್ಪದ, ಅಗಲವಾದ ಎಲ್‌ಎಸ್‌ಒ ಹಲಗೆ ಒಂದೇ ಸಾಕು. ಅದಕ್ಕೆ 511 ಕೆಇವಿಯ ಒಂದು ಲಕ್ಷ ಫೋಟಾನನ್ನು ನೇರವಾಗಿ ಹೊಡೆಯಿರಿ. ಎಷ್ಟು ಡಿಕ್ಕಿ ಹೊಡೆದವು ಅಂತ ಎಣಿಸಿ. 58 ಸಾವಿರದ ಹತ್ತಿರ ಬರಬೇಕು. ನಲವತ್ತು ಸಾವಿರ ಬಂದರೆ, ಸಾಂದ್ರತೆ ಘನ ಸೆಂ.ಮೀ.ಗೆ 7.4 ಗ್ರಾಂ ಅಂತ ಸರಿಯಾಗಿ ಹಾಕಿದ್ದೀರಾ ನೋಡಿ.